ಹಿತ್ತಲಲ್ಲೊಂದು ಮರಗೆಲಸದ ಕೋಣೆ, ಜೊತೆಗೊಂದು ಬಚ್ಚಲು: ಪಾಯದಿಂದ ಮೊದಲ ಮಳೆಯವರೆಗೆ

ಸಾಗರ ತಾಲೂಕಿನ ನಮ್ಮ ಊರಿನಲ್ಲಿ ಮಳೆಗಾಲ ಅಂದರೆ ನಾಲ್ಕು ತಿಂಗಳು ನೀರಿನ ಜೊತೆ ಸಂಸಾರ. ಅಂಥ ಊರಿನಲ್ಲಿ ಉಳಿ, ಗರಗಸ, ಹತ್ತರಿ, ಒಣಗಿಸಿಟ್ಟ ಹಲಗೆ ಇವನ್ನೆಲ್ಲ ಕಾಪಾಡುವ ಕೋಣೆ ಕಟ್ಟಬೇಕು, ಅದಕ್ಕೆ ತಾಗಿಕೊಂಡೇ ಬಚ್ಚಲೂ ಪಾಯಿಖಾನೆಯೂ ಬೇಕು ಎಂದಾಗ ಮನೆಯವರಿಗೆಲ್ಲ ಆಶ್ಚರ್ಯ. ಮನೆಯಲ್ಲೇ ಬಚ್ಚಲಿರುವಾಗ ಇನ್ನೊಂದೇಕೆ ಎಂದು ಅಮ್ಮ ಕೇಳಿದರು. ಕಾರಣ ಇದೆ. ಮರದ ಸಣ್ಣ ಹುಡಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸಿದೆ. ತಲೆಗೂದಲು, ಹುಬ್ಬು, ಅಂಗಿಯ ಮಡಿಕೆಯಲ್ಲಿ ಆ ಹುಡಿಯನ್ನು ಹೊತ್ತು ಅಡುಗೆಮನೆ ದಾಟಿ, ಮಗು ಮಲಗಿರುವ ಕೋಣೆಯ ಮುಂದೆ ಹಾದು ಸ್ನಾನಕ್ಕೆ ಹೋಗುವುದು ನನಗೆ ಸರಿಕಾಣಲಿಲ್ಲ. ಕೆಲಸ ಮುಗಿದಲ್ಲೇ ಮೈ ತೊಳೆದು, ಬಟ್ಟೆ ಬದಲಿಸಿ ಮನೆಯೊಳಗೆ ಕಾಲಿಡಬೇಕು.

ಈ ಕೋಣೆ ಕಟ್ಟುವಾಗ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಒಂದೇ: ಮೊದಲು ನೀರಿನ ದಾರಿ ಗೊತ್ತುಮಾಡಿ, ಗೋಡೆ ಆಮೇಲೆ. ಬಚ್ಚಲಿನ ನೀರು, ಮಾಡಿನ ನೀರು, ನೆಲದಿಂದ ಏರುವ ಥಂಡಿ, ಗಾಳಿಗೆ ಹೊಡೆಯುವ ಇರಚಲು, ಈ ನಾಲ್ಕೂ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತವೆ ಎಂಬುದು ಕಾಗದದ ಮೇಲೆ ಸ್ಪಷ್ಟವಾದರೆ ಉಳಿದದ್ದು ಮೇಸ್ತ್ರಿಯ ಕೈಗೆ ಬಿಡಬಹುದಾದ ಕೆಲಸ. ದರ ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಇಲ್ಲಿ ರೂಪಾಯಿ ಲೆಕ್ಕ ಬರೆದಿಲ್ಲ. ಅಳತೆ, ಪ್ರಮಾಣ ಬರೆದಿದ್ದೇನೆ. ಅದನ್ನು ನಿಮ್ಮೂರಿನ ದರಕ್ಕೆ ಗುಣಿಸಿಕೊಳ್ಳಿ.

ಎಷ್ಟು ದೊಡ್ಡದು, ಎಲ್ಲಿ

ಕೋಣೆಯ ಉದ್ದವನ್ನು ತೀರ್ಮಾನಿಸುವುದು ಪ್ಲೈವುಡ್ ಹಾಳೆ. ಅದು 8 ಅಡಿ ಉದ್ದ, 4 ಅಡಿ ಅಗಲ. ಗರಗಸದ ಮೇಜಿನ ಮೇಲೆ ಉದ್ದಕ್ಕೆ ಸೀಳಬೇಕಾದರೆ ಹಲ್ಲಿನ ಈಚೆ 8 ಅಡಿ, ಆಚೆ 8 ಅಡಿ ಜಾಗ ಬೇಕು. ಅಲ್ಲಿಗೇ 16 ಅಡಿ ಆಯಿತು. ನೀವು ನಿಲ್ಲುವುದಕ್ಕೆ ಎರಡಡಿ ಸೇರಿಸಿದರೆ 18. ಅಗಲ 12 ಅಡಿ ಇದ್ದರೆ ಒಂದು ಗೋಡೆಗೆ ಕೆಲಸದ ಮೇಜು, ಇನ್ನೊಂದು ಗೋಡೆಗೆ ಹಲಗೆ ಜೋಡಿಸುವ ಅಟ್ಟಣಿಗೆ ಇಟ್ಟೂ ನಡುವೆ ಓಡಾಡಬಹುದು. ಹಾಗಾಗಿ ಒಳ ಅಳತೆ 12×18, ಅಂದರೆ ಎರಡು ಚದರಕ್ಕಿಂತ ಸ್ವಲ್ಪ ಹೆಚ್ಚು. ಗೋಡೆಯ ಎತ್ತರ 10 ಅಡಿ. ಎಂಟಡಿ ಹಲಗೆಯನ್ನು ನಿಲ್ಲಿಸಿ ತಿರುಗಿಸುವಾಗ ದೀಪಕ್ಕೆ ತಾಗಬಾರದಲ್ಲ. ಬಚ್ಚಲು ನಾಲ್ಕೂವರೆ ಅಡಿಗೆ 7 ಅಡಿ ಸಾಕು.

ಬಚ್ಚಲನ್ನು ಕೋಣೆಯ ಒಳಗಿನ ಒಂದು ಮೂಲೆಯಲ್ಲಿ ತೆಗೆಯುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು. ಬಿಸಿನೀರಿನ ಹಬೆ ಒಳಗೆ ಬಂದರೆ ವಾರದೊಳಗೆ ಉಳಿಯ ಬಾಯಿಗೆ ತುಕ್ಕು ಹಿಡಿಯುತ್ತದೆ, ಹಲಗೆ ಡೊಂಕಾಗುತ್ತದೆ. ಬಚ್ಚಲು ಕೋಣೆಯ ಹೊರಗೋಡೆಗೆ ಅಂಟಿಕೊಂಡಿರಲಿ, ಬಾಗಿಲು ಮಾತ್ರ ಹೊರಗೆ ನಾಲ್ಕಡಿಯ ಜಗಲಿಗೆ ತೆರೆಯಲಿ. ನಾನು ಮನೆಯ ಕಡೆಯ ಗೋಡೆಗೆ, ಮಳೆಗಾಳಿಯ ಮರೆಯಲ್ಲಿ ಇಟ್ಟೆ. ಷವರ್ ಮತ್ತು ಕಮೋಡ್ ಎರಡೂ ದೂರದ ಗೋಡೆಯಲ್ಲಿ. ಕೋಣೆಗೂ ಬಚ್ಚಲಿಗೂ ನಡುವಿನ ಗೋಡೆಯಲ್ಲಿ ಒಂದೇ ಒಂದು ಪೈಪೂ ಇಲ್ಲ. ನಾಳೆ ಎಲ್ಲಾದರೂ ಸೋರಿದರೆ ಅದು ಹೊರಗೋಡೆಯಲ್ಲಿ ಕಾಣುತ್ತದೆ, ನಿಮ್ಮ ಹಲಗೆಯ ರಾಶಿಯ ಹಿಂದೆ ಅಡಗಿ ಕೂರುವುದಿಲ್ಲ.

ಹಳೇ ಕೊಟ್ಟಿಗೆ ಖಾಲಿ ಇದೆ, ಅದನ್ನೇ ಸರಿಮಾಡಿಕೊಂಡರಾಯಿತು ಎಂಬ ಆಸೆ ಅನೇಕರಿಗೆ ಬರುತ್ತದೆ. ವರ್ಷಗಟ್ಟಲೆ ಗಂಜಲ ಕುಡಿದ ಗೋಡೆ ಉಪ್ಪು ಬಿಡುತ್ತಲೇ ಇರುತ್ತದೆ, ಆ ಉಪ್ಪು ಗಾಳಿಯ ತೇವವನ್ನು ಎಳೆಯುತ್ತಲೇ ಇರುತ್ತದೆ. ಮೇಲೆ ಎಷ್ಟು ಗಾರೆ ಮೆತ್ತಿದರೂ ಎರಡು ಮಳೆಗಾಲಕ್ಕೆ ಉದುರುತ್ತದೆ. ಸೌದೆ ಇಡಲು ಅದು ಚೆನ್ನ, ಮರಗೆಲಸಕ್ಕೆ ಅಲ್ಲ.

ಪಾಯ ತೆಗೆಯುವ ಮೊದಲು ಗ್ರಾಮ ಪಂಚಾಯಿತಿಯಲ್ಲಿ, ಪಟ್ಟಣವಾದರೆ ನಗರಸಭೆಯಲ್ಲಿ, ನಕ್ಷೆ ತೋರಿಸಿ ಅನುಮತಿ ಕೇಳಿ. ಬೇಲಿಯಿಂದ ಎಷ್ಟು ಬಿಡಬೇಕು ಎಂಬ ನಿಯಮ ಎಲ್ಲ ಕಡೆ ಒಂದೇ ಅಲ್ಲ. ಹೊಸ ಇಂಗುಗುಂಡಿ ತೆಗೆಯುವುದಾದರೆ ಬಾವಿಯಿಂದ ಕನಿಷ್ಠ 50 ಅಡಿ ದೂರವಿರಲಿ. ನಮ್ಮ ಜಂಬಿಟ್ಟಿಗೆ (ತೂತುತೂತಾದ ಕೆಂಪು ಮುರಕಲ್ಲು) ನೆಲದಲ್ಲಿ ನೀರು ಬೇಗ ಇಳಿದುಹೋಗುತ್ತದೆ, ಹಾಗಾಗಿ ಇನ್ನೂ ದೂರವಾದಷ್ಟೂ ನೆಮ್ಮದಿ.

ನೆಲದ ಎತ್ತರ ಹೇಳುವುದು ಪಾಯಿಖಾನೆಯ ಪೈಪು

ಇದೊಂದು ಭಾಗವನ್ನು ನಿಧಾನವಾಗಿ ಓದಿ. ಹೆಚ್ಚಿನವರು ಎಡವುವುದು ಇಲ್ಲೇ. ನಾನೂ ಎಡವುತ್ತಿದ್ದೆ.

ಮೇಸ್ತ್ರಿ ಹೇಳಿದ್ದು, "ಪೈಪಿಂದು ಆಮೇಲೆ ನೋಡನ ಅಣ್ಣ, ಮೊದ್ಲು ಪಾಯ ಎಬ್ಸನ. ನೆಲದಿಂದ ಅರ್ಧ ಅಡಿ ಎತ್ತರ ಸಾಕು." ಕೇಳುವುದಕ್ಕೆ ಸರಿಯೇ ಇತ್ತು. ಆದರೆ ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಮನೆಯ ಸೆಪ್ಟಿಕ್ ಟ್ಯಾಂಕಿನ ಚೇಂಬರ್ ಕಟ್ಟಡ ಬರುವ ಜಾಗದಿಂದ 38 ಅಡಿ ದೂರ. ಚೇಂಬರಿಗೆ ಪೈಪು ಸೇರುವ ತಳ ನೆಲಮಟ್ಟದಿಂದ 14 ಇಂಚು ಕೆಳಗೆ. ಪಾಯಿಖಾನೆಯ ನಾಲ್ಕಿಂಚಿನ ಪೈಪಿಗೆ 50 ಅಡಿಗೆ ಒಂದಡಿ ಇಳಿಜಾರು ಬೇಕು. 40ಕ್ಕೆ ಒಂದಾದರೂ ಸರಿ, 60ಕ್ಕೆ ಒಂದಕ್ಕಿಂತ ಕಡಿಮೆ ಆಗಕೂಡದು. 38 ಅಡಿಗೆ 50ರಲ್ಲಿ ಒಂದು ಅಂದರೆ ಸುಮಾರು 9 ಇಂಚು. 14ರಲ್ಲಿ 9 ಕಳೆದರೆ 5: ಅಂದರೆ ಬಚ್ಚಲಿನ ಬಳಿ ಪೈಪಿನ ತಳ ನೆಲಮಟ್ಟದಿಂದ ಬರೀ 5 ಇಂಚು ಕೆಳಗಿರಬೇಕು. ಕಮೋಡಿನ ಬೆಂಡು, ನಹಾನಿ ಟ್ರ್ಯಾಪು (ಬಚ್ಚಲಿನ ನೀರು ಇಳಿಯುವ ಬಾಯಿ), ಅದರ ಮೇಲಿನ ಕಾಂಕ್ರೀಟು, ಟೈಲ್ಸು ಎಲ್ಲ ಸೇರಿ ಬಚ್ಚಲಿನ ಸಿದ್ಧ ನೆಲದಿಂದ ಪೈಪಿನ ತಳಕ್ಕೆ ಒಂದಡಿಯಾದರೂ ಬೇಕು. ಅಂದಮೇಲೆ ಬಚ್ಚಲಿನ ನೆಲವೇ ಅಂಗಳಕ್ಕಿಂತ 7 ಇಂಚು ಮೇಲಿರಬೇಕು. ಕೋಣೆಯ ನೆಲ ಅದಕ್ಕಿಂತಲೂ ಮೇಲೆ.

ಮೇಸ್ತ್ರಿ ಹೇಳಿದ ಅರ್ಧ ಅಡಿಗೆ ಒಪ್ಪಿದ್ದರೆ ಬಚ್ಚಲಿನ ನೆಲ ಅಂಗಳದಿಂದ 4 ಇಂಚಿನಲ್ಲಿ ನಿಲ್ಲುತ್ತಿತ್ತು, ಪೈಪಿಗೆ ಸಿಗುತ್ತಿದ್ದ ಇಳಿಜಾರು 76 ಅಡಿಗೆ ಒಂದಡಿ. ನೀರು ಹೋಗುತ್ತದೆ, ಗಟ್ಟಿ ಪದಾರ್ಥ ನಡುದಾರಿಯಲ್ಲಿ ಕೂರುತ್ತದೆ. ಆರು ತಿಂಗಳಿಗೊಮ್ಮೆ ಬಿದಿರುಗಳ ಹಾಕಿ ತಿವಿಯುವ ಕೆಲಸ ಶಾಶ್ವತ. ಮರುದಿನ ಬೆಳಿಗ್ಗೆ ಮೇಸ್ತ್ರಿಯ ಮುಂದೆ ಕಾಗದ ಇಟ್ಟೆ. ಅವರು ಎರಡು ನಿಮಿಷ ನೋಡಿ ಸುಮ್ಮನೆ ದಾರವನ್ನು ಮೇಲಕ್ಕೆ ಕಟ್ಟಿದರು. ಕೊನೆಗೆ ನಿಂತದ್ದು ಹೀಗೆ: ಅಂಗಳದಿಂದ ಕೋಣೆಯ ನೆಲ 18 ಇಂಚು, ಜಗಲಿ 16, ಬಚ್ಚಲು 15. ಮಾಡಿನಿಂದ ಬಿದ್ದ ನೀರು ನೆಲಕ್ಕೆ ಬಡಿದು ಸಿಡಿಯುವ ಎತ್ತರವೂ ಅದರಿಂದ ತಪ್ಪಿತು.

ಅಂಗಳ ಕಣ್ಣಿಗೆ ಸಪಾಟಾಗಿ ಕಂಡರೂ ನಂಬಬೇಡಿ. ಪಾರದರ್ಶಕ ಪ್ಲಾಸ್ಟಿಕ್ ಪೈಪಿಗೆ ಗುಳ್ಳೆ ಇಲ್ಲದಂತೆ ನೀರು ತುಂಬಿ, ಒಂದು ತುದಿಯನ್ನು ಚೇಂಬರಿನ ಬಳಿಯ ಗೂಟಕ್ಕೂ ಇನ್ನೊಂದನ್ನು ಬಚ್ಚಲಿನ ಗೂಟಕ್ಕೂ ಹಿಡಿದು ಗುರುತು ಹಾಕಿ. ನೀರಿಗಿಂತ ಸರಿಯಾದ ಮಟ್ಟಗೋಲು ಇಲ್ಲ. ಚೇಂಬರ್ ಮೇಲೇ ಇದ್ದು ಇಳಿಜಾರು ಸಿಗುವುದೇ ಇಲ್ಲವೆಂದರೆ ಪಿ-ಟ್ರ್ಯಾಪ್ ಕಮೋಡ್ ತನ್ನಿ. ಅದರ ಕೊಳವೆ ನೆಲದೊಳಗೆ ಇಳಿಯದೆ, ನೆಲದಿಂದ ಸುಮಾರು 7 ಇಂಚು ಮೇಲೆ ಗೋಡೆಯ ಮೂಲಕ ಹೊರಬೀಳುತ್ತದೆ. ಕೊಳವೆ ನೆಲದೊಳಗೆ ಇಳಿಯುವ ಎಸ್-ಟ್ರ್ಯಾಪ್ ಆದರೆ ಕಮೋಡನ್ನು ಮೊದಲೇ ಆರಿಸಿ, ಟೈಲ್ಸ್ ಹಾಕಿದ ಗೋಡೆಯಿಂದ ಕೊಳವೆಯ ನಡುಗುರುತು 9 ಇಂಚೋ 12 ಇಂಚೋ ಎಂದು ಅಂಗಡಿಯಲ್ಲೇ ಅಳೆದು ಬನ್ನಿ. ಪೈಪು ಹೂತಮೇಲೆ ಕಮೋಡ್ ಕೊಂಡವರ ಪಾಡು ಕೇಳಬಾರದು.

ಪಾಯ

ನಮ್ಮ ಕಡೆ ದೀಪಾವಳಿ ಕಳೆದ ಮೇಲೆ ಪಾಯ ತೆಗೆದು, ಮೇ ತಿಂಗಳ ಮೊದಲ ಅಡ್ಡಮಳೆಗೆ ಮುನ್ನ ಮಾಡು ಮುಚ್ಚಬೇಕು. ಮೂಲೆ ಸರಿಯಾಗಿದೆಯೇ ನೋಡಲು ಒಂದು ಬದಿಗೆ 9 ಅಡಿ, ಇನ್ನೊಂದಕ್ಕೆ 12 ಅಡಿ ಗುರುತು ಹಾಕಿ, ಎರಡು ಗುರುತಿನ ನಡುವೆ 15 ಅಡಿ ಬಂದರೆ ಮೂಲೆ ನೆಟ್ಟಗಿದೆ. ಕೊನೆಗೆ ಕರ್ಣ ಎರಡನ್ನೂ ಅಳೆಯಿರಿ. 12×18ಕ್ಕೆ ಎರಡೂ 21 ಅಡಿ ಏಳೂವರೆ ಇಂಚಿನ ಆಸುಪಾಸು ಬರಬೇಕು, ಮುಖ್ಯವಾಗಿ ಎರಡೂ ಒಂದೇ ಆಗಿರಬೇಕು. ಅರ್ಧ ಇಂಚು ತಪ್ಪಿದರೂ ಕೊನೆಗೆ ಟೈಲ್ಸಿನ ಅಂಚಿನಲ್ಲಿ ಅದು ಎದ್ದು ಕಾಣುತ್ತದೆ.

ಗಟ್ಟಿ ನೆಲ ಸಿಗುವವರೆಗೆ ಅಗೆಯಿರಿ. ನಮಗೆ ಎರಡೂವರೆ ಅಡಿಗೇ ಜಂಬಿಟ್ಟಿಗೆ ಸಿಕ್ಕಿತು. ತಳಕ್ಕೆ 4 ಇಂಚು ಬಡ ಕಾಂಕ್ರೀಟು (ಸಿಮೆಂಟು ಕಡಿಮೆ ಹಾಕಿದ್ದು), ಮೇಲೆ ಸೈಜುಗಲ್ಲಿನ ಕಟ್ಟಡ, ಅದರ ಮೇಲೆ ಸುತ್ತಲೂ 6 ಇಂಚಿನ ಪ್ಲಿಂತ್ ಬೀಮು, ಅಂದರೆ ಗೋಡೆ ಹೊರುವ ಕಾಂಕ್ರೀಟಿನ ಪಟ್ಟಿ. ಬೀಮು ಹಾಕುವ ಮುನ್ನ ಒಂದು ಕೆಲಸ ಮರೆಯಬೇಡಿ: ಪಾಯಿಖಾನೆಯ ಪೈಪು, ಬಚ್ಚಲಿನ ನೀರಿನ ಪೈಪು, ಒಳಬರುವ ನೀರಿನ ಪೈಪು, ಕರೆಂಟಿನ ಕೇಬಲ್ ಇವು ಹಾಯುವ ಜಾಗದಲ್ಲೆಲ್ಲ ಒಂದು ಅಳತೆ ದೊಡ್ಡ ಪೈಪಿನ ತುಂಡನ್ನು ಅಡ್ಡಕ್ಕೆ ಇಟ್ಟುಬಿಡಿ. ನಾಲ್ಕಿಂಚಿನ ಪೈಪಿಗೆ ಆರಿಂಚಿನ ತುಂಡು. ಕಲ್ಲಿನ ಪಾಯವನ್ನು ಆಮೇಲೆ ಕೊರೆಯುವುದು ಹಲ್ಲು ಕೀಳುವಷ್ಟೇ ಕಷ್ಟ.

ಒಳಗೆ ಮಣ್ಣು ತುಂಬುವಾಗ ಒಮ್ಮೆಗೇ ಸುರಿಯಬಾರದು. ಆರಾರು ಇಂಚಿನ ಪದರ ಹಾಕಿ, ನೀರು ಬಿಟ್ಟು, ದಮ್ಮಸು ಹೊಡೆಯಬೇಕು. ತುಂಬಿದ ಮೇಲೆ ಒರಲೆ (ಗೆದ್ದಲು) ಮದ್ದು. ಮಲೆನಾಡಿನಲ್ಲಿ ಮರದ ಕೋಣೆ ಕಟ್ಟಿ ಒರಲೆಗೆ ಮದ್ದು ಹಾಕದೆ ಇರುವುದು ಅವುಗಳಿಗೆ ಊಟಕ್ಕೆ ಕರೆದಂತೆ. ಡಬ್ಬಿಯ ಮೇಲೆ ಬರೆದಷ್ಟೇ ನೀರು ಬೆರೆಸಿ, ಕೈಗವಸು ಮುಖಗವಸು ಹಾಕಿಕೊಂಡು, ಪಾಯದ ಒಳಬದಿಗೆ ಉದ್ದಕ್ಕೂ ಮತ್ತು ತುಂಬಿದ ಮಣ್ಣಿನ ಮೇಲಿಡೀ ಹೊಯ್ಯಬೇಕು. ಬಾವಿ ಹತ್ತಿರವಿದ್ದರೆ ಈ ಕೆಲಸವನ್ನು ಗೊತ್ತಿದ್ದವರಿಂದಲೇ ಮಾಡಿಸಿ.

ನೆಲ, ಗೋಡೆ, ಮಾಡು

ಮಣ್ಣಿನ ಮೇಲೆ 40 ಎಂಎಂ ಜಲ್ಲಿ ನಾಲ್ಕಿಂಚು. ಅದರ ಮೇಲೆ ತೆಳುವಾಗಿ ಎಂ ಸ್ಯಾಂಡ್ ಹರಡಿ, 250 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ. ಹಾಳೆಗೆ ಹಾಳೆ ಒಂದಡಿ ಮೇಲೇರಿ ಕೂರಬೇಕು, ಅಂಚು ಗೋಡೆಯ ಕಡೆ ಮೇಲಕ್ಕೆ ಬರಬೇಕು. ನೆಲದ ಥಂಡಿಯನ್ನು ತಡೆಯುವುದು ಈ ಹಾಳೆ. ಗುದ್ದಲಿ, ಬೂಟು ತಾಗಿ ಹರಿದರೆ ಅಲ್ಲೇ ಟೇಪು ಹಚ್ಚಿ. ಅದರ ಮೇಲೆ 4 ಇಂಚು ಕಾಂಕ್ರೀಟು: ಒಂದು ಸಿಮೆಂಟಿಗೆ ಒಂದೂವರೆ ಮರಳು, ಮೂರು ಜಲ್ಲಿ. ಈ ಅಳತೆಯ ಕೋಣೆಗೆ ಸುಮಾರು 2 ಘನ ಮೀಟರ್ ಕಾಂಕ್ರೀಟು, ಅದಕ್ಕೆ 16 ಚೀಲ ಸಿಮೆಂಟು ಹಿಡಿಯುತ್ತದೆ.

ಕೋಣೆಯ ನೆಲಕ್ಕೆ ಟೈಲ್ಸ್ ಬೇಡ. ಉಳಿ ಬಿದ್ದರೆ ಟೈಲ್ಸೂ ಒಡೆಯುತ್ತದೆ, ಉಳಿಯ ಬಾಯಿಯೂ ಮುರಿಯುತ್ತದೆ. ಹೊಟ್ಟು ಬಿದ್ದ ಟೈಲ್ಸಿನ ಮೇಲೆ ಕಾಲು ಜಾರಿದಾಗ ಮುಂದೆ ತಿರುಗುವ ಗರಗಸ ಇರುತ್ತದೆ ಎಂಬುದನ್ನು ನೆನಪಿಡಿ. ಕಾಂಕ್ರೀಟನ್ನೇ ಕರಣೆಯಲ್ಲಿ ಸಮ ಮಾಡಿ, ಆರುವ ಮುನ್ನ ಹಗುರವಾಗಿ ಕಸಬರಿಕೆ ಎಳೆದರೆ ಕಾಲು ಹಿಡಿಯುತ್ತದೆ. ಆಮೇಲೆ ಕಟ್ಟೆ ಕಟ್ಟಿ ಹತ್ತು ದಿನ ನೀರು ನಿಲ್ಲಿಸಿ.

ಗೋಡೆಗೆ ನಮ್ಮ ಕಡೆ ಜಂಬಿಟ್ಟಿಗೆ ಧಾರಾಳ ಸಿಗುತ್ತದೆ, ನೋಡಲೂ ಚಂದ. ಆದರೂ ನಾನು 6 ಇಂಚಿನ ಗಟ್ಟಿ ಕಾಂಕ್ರೀಟ್ ಬ್ಲಾಕನ್ನೇ ಆರಿಸಿಕೊಂಡೆ. ಈ ಕೋಣೆಯ ಗೋಡೆ ಭಾರ ಹೊರಬೇಕು: ಹಲಗೆಯ ರಾಶಿ, ಕ್ಲ್ಯಾಂಪುಗಳು, ಕಪಾಟು. ಜಂಬಿಟ್ಟಿಗೆಯ ತೂತುಗಳಲ್ಲಿ ಆ್ಯಂಕರ್ ಬೋಲ್ಟು ಭದ್ರವಾಗಿ ಕಚ್ಚುವುದಿಲ್ಲ. 16×8ರ ಬ್ಲಾಕು, ಬಾಗಿಲು ಕಿಟಕಿ ಕಳೆದು ಕೋಣೆಗೆ ಸುಮಾರು 540 ಬೇಕು. ಒಡೆಯುವುದಕ್ಕೆಂದು 30 ಹೆಚ್ಚು ತರಿಸಿ. ಬಚ್ಚಲಿನದ್ದು ಬೇರೆ. ಏಳಡಿ ಎತ್ತರದಲ್ಲಿ ಸುತ್ತಲೂ ಲಿಂಟಲ್ ಹಾಕಿಸಿದರೆ ಗೋಡೆಯೂ ಗಟ್ಟಿ, ಆ ಮಟ್ಟದಲ್ಲಿ ಏನು ಬೇಕಾದರೂ ತೂಗುಹಾಕಬಹುದು.

ಕಿಟಕಿಯ ವಿಷಯದಲ್ಲಿ ಗುಡಿಗಾರರನ್ನು ನೋಡಿ ಕಲಿತೆ. ಸಾಗರ, ಸೊರಬದ ಗುಡಿಗಾರರು ಗಂಧದ ತುಂಡಿನಲ್ಲಿ ಬಳ್ಳಿ ಬಿಡಿಸುವಾಗ ಬೆಳಕಿಗೆ ಅಡ್ಡಲಾಗಿ ಕೂರುತ್ತಾರೆ. ಪಕ್ಕದಿಂದ ಬೀಳುವ ಬೆಳಕಿನಲ್ಲಿ ಉಳಿಯ ಒಂದೊಂದು ಗೀರಿಗೂ ನೆರಳು ಹುಟ್ಟುತ್ತದೆ, ಏರುತಗ್ಗು ಕಾಣುತ್ತದೆ. ತಲೆಯ ಮೇಲಿನ ದೀಪ ಇದನ್ನು ತೋರಿಸುವುದಿಲ್ಲ. ಹಾಗಾಗಿ ಕೆಲಸದ ಮೇಜನ್ನು ಉತ್ತರದ ಗೋಡೆಗಿಟ್ಟು, ಮೇಜಿನ ಮಟ್ಟಕ್ಕಿಂತ ಒಂದು ಗೇಣು ಮೇಲಿನಿಂದ ಆರಡಿ ಉದ್ದದ ಕಿಟಕಿ ಇಡಿಸಿದೆ. ಉತ್ತರದ ಬೆಳಕು ದಿನವಿಡೀ ಒಂದೇ ಸಮ, ಬಿಸಿಲು ನೇರ ಕಣ್ಣಿಗೆ ಹೊಡೆಯುವುದಿಲ್ಲ. ನೈಋತ್ಯದಿಂದ ಮಳೆಗಾಳಿ ಬರುವುದರಿಂದ ಪಶ್ಚಿಮ, ದಕ್ಷಿಣದ ಗೋಡೆಗಳಲ್ಲಿ ಮೇಲ್ಗಡೆ ಸಣ್ಣ ಗಾಳಿಕಿಂಡಿ ಬಿಟ್ಟು ಬೇರೇನೂ ಇಲ್ಲ. ಆ ಎರಡು ಬದಿ ಮಾಡು ಮೂರಡಿ ಹೊರಚಾಚಲಿ. ದೊಡ್ಡ ಬಾಗಿಲು ಎರಡು ಪಾಲಿನದು, 6 ಅಡಿ ಅಗಲ.

ಮಾಡಿಗೆ ಮಂಗಳೂರು ಹೆಂಚೋ ಶೀಟೋ? ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಆ ಹೆಂಚು ನಮ್ಮ ಮಳೆಗೆ ಹೇಳಿ ಮಾಡಿಸಿದ್ದು. ಮನೆಗಾದರೆ ನಾನು ಅದನ್ನೇ ಹಾಕುತ್ತೇನೆ. ಮರಗೆಲಸದ ಕೋಣೆಯಲ್ಲಿ ಮಾತ್ರ ಸಂದಿಯಿಂದ ಉದುರುವ ದೂಳು, ಮಂಗ ಹಾರಿದಾಗ ಜಾರುವ ಹೆಂಚು, ಆ ಒಂದು ಸಂದಿಯಿಂದ ಗರಗಸದ ಮೇಜಿನ ಮೇಲೆ ಬೀಳುವ ಹನಿ ಇವೆಲ್ಲ ಕಾಡುತ್ತವೆ. ಕಬ್ಬಿಣದ ಚೌಕಟ್ಟಿನ ಮೇಲೆ ಅರ್ಧ ಎಂಎಂ ದಪ್ಪದ ಶೀಟು ಹಾಕಿಸಿದೆ. ಶೀಟಿಗೆ ಎರಡು ದೋಷ: ಮಳೆಯ ಸದ್ದು, ಮತ್ತು ಚಳಿಗಾಲದ ಬೆಳಗಿನ ಜಾವ ಅಡಿಭಾಗದಲ್ಲಿ ಬೆವರಿ ಹನಿ ಉದುರುವುದು. ಎರಡಕ್ಕೂ ಮದ್ದು ಒಂದೇ, ಶೀಟಿನಡಿ ಶಾಖತಡೆಯ ಪದರ ಹಾಕಿಸುವುದು. ಇದನ್ನು ಶೀಟು ಕೂರಿಸುವಾಗಲೇ ಮಾಡಬೇಕು. ಸ್ಕ್ರೂಗಳ ರಬ್ಬರ್ ವಾಷರ್ ಅಮರಿ ಕೂತಿರಲಿ, ಅತಿಯಾಗಿ ಬಿಗಿದು ಚಪ್ಪಟೆ ಮಾಡಿದರೆ ಅಲ್ಲೇ ಸೋರುತ್ತದೆ.

ಬಚ್ಚಲಿನ ಮೇಲೆ ಮಾತ್ರ ನಾಲ್ಕಿಂಚಿನ ಆರ್‌ಸಿಸಿ. ಅಲ್ಲಿ 500 ಲೀಟರಿನ ಟ್ಯಾಂಕು ಕೂರುತ್ತದೆ, ಅಂದರೆ ಅರ್ಧ ಟನ್ ಭಾರ. ಟ್ಯಾಂಕನ್ನು ನೇರ ಸ್ಲ್ಯಾಬಿನ ಮೇಲಿಟ್ಟರೆ ಷವರಿನಲ್ಲಿ ನೀರು ತೊಟ್ಟಿಕ್ಕುತ್ತದೆ. ನಾಲ್ಕಡಿ ಎತ್ತರದ ಕಟ್ಟೆ ಅಥವಾ ಕಬ್ಬಿಣದ ಸ್ಟ್ಯಾಂಡಿನ ಮೇಲಿಡಿ.

ಬಚ್ಚಲಿನ ನೆಲ: ಅವಸರ ಸಲ್ಲದ ಜಾಗ

ಕೆಲಸದ ಅನುಕ್ರಮ ತಪ್ಪಬಾರದು. ಮೊದಲು ಕೆಳಗಿನ ಪೈಪುಗಳು: ಕಮೋಡಿಗೆ 110 ಎಂಎಂ, ಸ್ನಾನದ ನೀರಿಗೆ 75 ಎಂಎಂ. ಸ್ನಾನದ ನೀರು ನಹಾನಿ ಟ್ರ್ಯಾಪಿನಿಂದ ಹೊರಗಿನ ಗಲ್ಲಿ ಟ್ರ್ಯಾಪಿಗೆ (ವಾಸನೆ ತಡೆಯಲು ನೀರು ನಿಂತಿರುವ ಸಣ್ಣ ಗುಂಡಿ), ಅಲ್ಲಿಂದ ತೆಂಗಿನ ಬುಡಕ್ಕೆ. ಅದು ಸೆಪ್ಟಿಕ್ ಟ್ಯಾಂಕಿಗೆ ಹೋಗಬೇಕಿಲ್ಲ. ಟ್ರ್ಯಾಪಿನಲ್ಲಿ ಎರಡಿಂಚು ನೀರು ಸದಾ ನಿಂತಿರುತ್ತದೆ, ವಾಸನೆಯೂ ಜಿರಲೆಯೂ ಮೇಲೆ ಬರದಂತೆ ತಡೆಯುವುದು ಆ ಎರಡಿಂಚು ನೀರೇ. ಕಮೋಡಿನ ಪೈಪಿಗೆ ಗಾಳಿ ಕೊಳವೆ ಕೊಟ್ಟು ಮಾಡಿಗಿಂತ ಮೇಲಕ್ಕೆ ಒಯ್ಯಿರಿ. ಗೋಡೆಯೊಳಗಿನ ನೀರಿನ ಪೈಪುಗಳಿಗೆ ಗಾರೆ ಹಚ್ಚುವ ಮೊದಲು ಎಲ್ಲ ಬಾಯಿ ಮುಚ್ಚಿ, ಒತ್ತಡ ಕೊಟ್ಟು ಒಂದು ರಾತ್ರಿ ಬಿಟ್ಟು ನೋಡಬೇಕು. ಬಿಸಿನೀರಿಗೆ ಬಿಸಿ ತಡೆಯುವ ಸಿಪಿವಿಸಿ ಪೈಪೇ ಆಗಬೇಕು.

ಪೈಪುಗಳು ಕೂತಮೇಲೆ ಕಾಂಕ್ರೀಟು. ಕಾಂಕ್ರೀಟು ಆರಿದ ಮೇಲೆ ಗೋಡೆ ಮತ್ತು ನೆಲ ಕೂಡುವ ಮೂಲೆಗೆ ಗಾರೆಯಿಂದ ಗುಂಡಗೆ ಅಂಚು ಕಟ್ಟಿಸಿ. ಚೂಪಾದ ಮೂಲೆಯಲ್ಲಿ ವಾಟರ್‌ಪ್ರೂಫಿಂಗ್ ಪದರ ಮೊದಲು ಬಿರುಕು ಬಿಡುತ್ತದೆ. ಪೈಪಿನ ಸುತ್ತಲಿನ ಸಂದಿಗೆ ಕುಗ್ಗದ ಗ್ರೌಟು ತುಂಬಿ. ಆಮೇಲೆ ಬ್ರಷ್ಷಿನಿಂದ ಎರಡು ಕೋಟು: ಮೊದಲನೆಯದು ಉದ್ದಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ಗೋಡೆಗೆ ಒಂದಡಿ ಎತ್ತರ, ಷವರ್ ಇರುವ ಕಡೆ ಆರಡಿ.

ಈಗ ಪರೀಕ್ಷೆ. ಟ್ರ್ಯಾಪಿನ ಬಾಯಿ ಮುಚ್ಚಿ ಎರಡಿಂಚು ನೀರು ತುಂಬಿ, ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಪಕ್ಕದಲ್ಲೇ ಒಂದು ಬಕೆಟ್ಟಿನಲ್ಲೂ ನೀರಿಟ್ಟು ಗೆರೆ ಹಾಕಿ. 48 ಗಂಟೆಯ ನಂತರ ಎರಡನ್ನೂ ನೋಡಿ. ಬಕೆಟ್ಟಿನಲ್ಲಿ ಇಳಿದಷ್ಟೇ ನೆಲದಲ್ಲೂ ಇಳಿದಿದ್ದರೆ ಅದು ಆವಿ. ಹೆಚ್ಚು ಇಳಿದಿದ್ದರೆ ಎಲ್ಲೋ ದಾರಿ ಇದೆ, ಹುಡುಕಲೇಬೇಕು. ಟೈಲ್ಸಿನವರು ಕಾಯುತ್ತಿದ್ದಾರೆಂದು ಈ ಎರಡು ದಿನ ಉಳಿಸಬೇಡಿ.

ನಮ್ಮಲ್ಲಿ ತಪ್ಪಾದದ್ದು ಇದರ ನಂತರ. ನೆಲಕ್ಕೆ 80 ಅಡಿಗೆ ಒಂದಡಿಯಾದರೂ ಇಳಿಜಾರು, ಗಾರೆಯವರ ಬಾಯಲ್ಲಿ ವಾಟ, ಬೇಕು. ಏಳಡಿ ಉದ್ದದ ಬಚ್ಚಲಿಗೆ ಒಂದಿಂಚು. ಟೈಲ್ಸಿನವರು ಕೂರಿಸಿದ್ದ ದಿನ ನಾನು ಊರಲ್ಲಿರಲಿಲ್ಲ. ಬಂದು ಒಂದು ಚೆಂಬು ನೀರು ಹೊಯ್ದರೆ ಅದು ಟ್ರ್ಯಾಪಿನ ಅಂಚಿನವರೆಗೆ ಹೋಗಿ, ಅಲ್ಲಿಂದ ಹಿಂದೆ ಸರಿದು ಕಮೋಡಿನ ಹಿಂದಿನ ಮೂಲೆಯಲ್ಲಿ ಅಂಗೈಯಗಲ ನಿಂತಿತು. ಜಾಲರಿಯನ್ನು ಟೈಲ್ಸಿಗಿಂತ ಒಂದು ನೂಲು ಮೇಲೆ ಕೂರಿಸಿದ್ದರು. ಎಂಟು ಟೈಲ್ಸ್ ಒಡೆದು ಮತ್ತೆ ಹಾಕಬೇಕಾಯಿತು, ಒಡೆಯುವಾಗ ಕೆಳಗಿನ ಪದರಕ್ಕೆ ಪೆಟ್ಟಾಗಿ ಅದನ್ನೂ ಮತ್ತೆ ಬಳಿದೆವು. ಎರಡನೇ ಸಲ ನಾನು ಮಗನ ಡಬ್ಬಿಯಿಂದ ಗೋಲಿ ತಂದು ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ಒಂದೊಂದು ಟೈಲ್ಸ್ ಕೂರಿಸಿದಾಗಲೂ, ಅಂಟು ಹಸಿಯಿರುವಾಗಲೇ, ಅದರ ದೂರದ ಮೂಲೆಯಲ್ಲಿ ಗೋಲಿ ಬಿಡುವುದು. ಟ್ರ್ಯಾಪಿನ ಕಡೆಗೆ ತಾನಾಗಿ ಉರುಳಿದರೆ ಸರಿ. ನಿಂತರೆ, ಬೇರೆ ಕಡೆ ತಿರುಗಿದರೆ, ರಬ್ಬರ್ ಸುತ್ತಿಗೆಯಿಂದ ಆ ಮೂಲೆ ತಟ್ಟುವುದು. ರಸಮಟ್ಟದ ಗುಳ್ಳೆ ನೋಡಿ ವಾದ ಮಾಡುವುದಕ್ಕಿಂತ ಗೋಲಿ ಬೇಗ ನ್ಯಾಯ ಹೇಳುತ್ತದೆ. ಚೌಕ ಸಣ್ಣದಿದ್ದಷ್ಟೂ ನಾಲ್ಕೂ ಕಡೆಯಿಂದ ವಾಟ ಕೊಡುವುದು ಸುಲಭ, ಅದಕ್ಕೇ ಬಚ್ಚಲಿಗೆ ಒಂದಡಿ ಚೌಕದ ಒರಟು ಟೈಲ್ಸ್ ಒಳ್ಳೆಯದು.

ಬಚ್ಚಲಿನ ಬಾಗಿಲಿಗೆ ಗ್ರಾನೈಟಿನ ಚೌಕಟ್ಟು, ನೀರಿಗೆ ಉಬ್ಬದ ಡಬ್ಲ್ಯೂಪಿಸಿ (ಮರದ ಹುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ) ಹಲಗೆ. ಮರಗೆಲಸದವನಾಗಿ ಹೇಳುತ್ತಿದ್ದೇನೆ, ಇಲ್ಲಿ ಮರ ಬೇಡ.

ಜಗಲಿಯಲ್ಲಿ ಒಂದು ಕಲ್ಲಿನ ತೊಟ್ಟಿ ಕೂರಿಸಿ, ಫೆವಿಕಾಲ್ ಕೈ, ಬ್ರಷ್ಷು ತೊಳೆಯಲು. ಅದರ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಇರಲಿ. ಹೊಟ್ಟು ನೀರಿನಲ್ಲಿ ನೆನೆದು ಪೈಪಿನ ಬೆಂಡಿನಲ್ಲಿ ಕೂತರೆ ಗಂಜಿಯಂತೆ ಗಟ್ಟಿಯಾಗುತ್ತದೆ. ಸ್ನಾನಕ್ಕೆ ಹೋಗುವ ಮುನ್ನವೂ ಅಂಗಿ ಹೊರಗೆ ಕೊಡವಿ. ಥಿನ್ನರ್, ಪಾಲಿಶ್ ತೊಳೆದ ನೀರನ್ನು ಕಮೋಡಿಗೆ ಸುರಿಯಲೇಬೇಡಿ, ಸೆಪ್ಟಿಕ್ ಟ್ಯಾಂಕಿನಲ್ಲಿ ಮಲವನ್ನು ಕರಗಿಸುವ ಜೀವಾಣುಗಳು ಸಾಯುತ್ತವೆ.

ಕರೆಂಟು

ಇದನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ಆದರೆ ಲೆಕ್ಕ ನಿಮಗೆ ಗೊತ್ತಿರಲಿ. ಒಂದು ಎಚ್‌ಪಿ ಅಂದರೆ 746 ವ್ಯಾಟ್. 2 ಎಚ್‌ಪಿ ಗರಗಸ ಒಂದೂವರೆ ಕಿಲೋವ್ಯಾಟ್, ಅದರ ಜೊತೆಗೇ ಓಡುವ ಹುಡಿ ಎಳೆಯುವ ಯಂತ್ರ ಮುಕ್ಕಾಲು, ಗೀಸರ್ 3 ಕಿಲೋವ್ಯಾಟ್, ದೀಪ ಎಲ್ಲ ಸೇರಿ ಐದೂವರೆಯ ಹತ್ತಿರ. ಮನೆಯ ಮಂಜೂರಾದ ಲೋಡು ಎಷ್ಟಿದೆ ಎಂದು ಬಿಲ್ಲಿನಲ್ಲಿ ನೋಡಿ, ಸಾಲದಿದ್ದರೆ ಮೆಸ್ಕಾಂಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ. ಮಾರಾಟಕ್ಕೆ ಕೆಲಸ ಮಾಡುವುದಾದರೆ ದರದ ವರ್ಗವೇ ಬೇರೆಯಾಗುತ್ತದೆ, ಅದನ್ನೂ ಅಲ್ಲೇ ಕೇಳಿ.

ಮುಖ್ಯ ಬೋರ್ಡಿನಿಂದ ಕೋಣೆಗೆ 6 ಚದರ ಎಂಎಂ ತಾಮ್ರದ ಕೇಬಲ್ ನೆಲದಡಿ ಪೈಪಿನಲ್ಲಿ ಬರಲಿ. ಕೋಣೆಗೆ ಬೇರೆಯೇ ಬೋರ್ಡು, ಅದರಲ್ಲಿ ಕರೆಂಟು ಸೋರಿದ ಕೂಡಲೇ ಕಡಿದುಹಾಕುವ 30 ಮಿಲಿಆಂಪ್ಸಿನ ಆರ್‌ಸಿಸಿಬಿ. ಒದ್ದೆ ಕೈಯೂ ಕಬ್ಬಿಣದ ಯಂತ್ರವೂ ಒಂದೇ ಸೂರಿನಡಿ ಇರುವಲ್ಲಿ ಜೀವ ಉಳಿಸುವ ವಸ್ತು ಅದು, ಅದರಲ್ಲಿ ಚೌಕಾಸಿ ಬೇಡ. ಅರ್ಥಿಂಗ್ ಗುಂಡಿ ಹೊಸದೇ ಆಗಲಿ. ಗರಗಸಕ್ಕೆ, ಗೀಸರಿಗೆ ಒಂದೊಂದು ಪ್ರತ್ಯೇಕ ಎಂಸಿಬಿ (ಲೋಡು ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್ಚು). ದೀಪ ಮತ್ತು ಗರಗಸ ಒಂದೇ ಎಂಸಿಬಿಯಲ್ಲಿದ್ದರೆ ಗರಗಸ ಟ್ರಿಪ್ ಆದಾಗ ಕತ್ತಲಾಗುತ್ತದೆ, ಹಲ್ಲು ಮಾತ್ರ ಇನ್ನೂ ತಿರುಗುತ್ತಿರುತ್ತದೆ.

ಪ್ಲಗ್ಗುಗಳನ್ನು ನೆಲದಿಂದ 50 ಇಂಚು ಎತ್ತರದಲ್ಲಿ ಇಡಿಸಿ. ಪ್ಲೈವುಡ್ ಹಾಳೆಯನ್ನು ಉದ್ದಕ್ಕೆ ಮಲಗಿಸಿ ಗೋಡೆಗೆ ಒರಗಿಸಿದರೆ ಅದರ ಎತ್ತರ 48 ಇಂಚು, ಆಗಲೂ ಪ್ಲಗ್ಗು ಕೈಗೆ ಸಿಗುತ್ತದೆ. 20 ವ್ಯಾಟಿನ ನಾಲ್ಕಡಿ ಎಲ್‌ಇಡಿ ಪಟ್ಟಿ ಏಳೆಂಟು ಹಾಕಿದರೆ ಈ ಕೋಣೆಗೆ ಬೆಳಕು ಸಾಕು. ಹಳೇ ಟ್ಯೂಬ್‌ಲೈಟ್ ಬೇಡ. ಅದರ ಮಿನುಗಿಗೆ ತಿರುಗುವ ಹಲ್ಲು ನಿಂತಂತೆ ಕಾಣಬಹುದು.

ಬಳಿಯುವುದು, ಜೋಡಿಸುವುದು

ಒಳಗಾರೆ ಆರಿ ಒಂದು ತಿಂಗಳಾದರೂ ಕಳೆದ ಮೇಲೆ ಬಿಳಿ ಬಣ್ಣ ಬಳಿಯಿರಿ. ನೆಲ ನಿಜಕ್ಕೂ ಒಣಗಿದೆಯೇ ಎಂದು ತಿಳಿಯಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಚ್ಚಿ ನೆಲಕ್ಕೆ ಅಂಟಿಸಿ ಒಂದು ದಿನ ಬಿಡಿ. ಎತ್ತಿ ನೋಡಿದಾಗ ಅಡಿಯಲ್ಲಿ ಹನಿ ಕಟ್ಟಿದ್ದರೆ, ನೆಲ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಅದಕ್ಕೆ ಮುಂಚೆ ಯಂತ್ರ ತಂದಿಡಬೇಡಿ.

ಕೆಲಸದ ಮೇಜಿನ ಎತ್ತರ ಪುಸ್ತಕದಲ್ಲಿ ಹುಡುಕುವ ಸಂಗತಿಯಲ್ಲ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿ ಬರುತ್ತದೋ ಅದೇ ನಿಮ್ಮ ಮೇಜಿನ ಮಟ್ಟ. ನನಗೆ 33 ಇಂಚು. ನನ್ನ ಮೇಜಿನ ಹಾಸು ಎರಡೂವರೆ ಇಂಚು ದಪ್ಪದ ಮತ್ತಿ, ಕಾಲುಗಳು ಹಲಸು. ಹಲಗೆಗಳನ್ನು ನೆಲಕ್ಕೆ ತಾಗಿಸಬೇಡಿ, ಗೋಡೆಗೂ ತಾಗಿಸಬೇಡಿ. ಎರಡು ಬೆರಳು ಗಾಳಿ ಆಡಲಿ.

ಎಣ್ಣೆ ಪಾಲಿಶ್ ಮಾಡಿದ ಬಟ್ಟೆಯ ಬಗ್ಗೆ ಒಂದು ಮಾತು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಹೊಟ್ಟಿನ ಚೀಲದ ಮೇಲೆ ಎಸೆದರೆ ಅದು ಒಣಗುತ್ತ ಒಳಗೊಳಗೇ ಬಿಸಿಯಾಗಿ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹಗ್ಗದ ಮೇಲೆ ಬಿಡಿಸಿ ಹರವಿ. ಬಾಗಿಲ ಬಳಿ ಎಬಿಸಿ ಪುಡಿಯ ಅಗ್ನಿಶಾಮಕ ಒಂದಿರಲಿ. ಅದನ್ನು ಒಳಗಿನ ಮೂಲೆಯಲ್ಲಿ ನೇತುಹಾಕಿದರೆ ಬೆಂಕಿಯನ್ನು ದಾಟಿ ತರಬೇಕಾದೀತು.

ಕೊನೆಯ ಪರೀಕ್ಷೆಯನ್ನು ಮಾಡುವುದು ಮಳೆ. ಮೊದಲ ಜೋರು ಮಳೆ ಹಿಡಿದಾಗ ಮನೆಯೊಳಗೆ ಕೂರಬೇಡಿ. ಕೊಡೆ ಹಿಡಿದು ಕಟ್ಟಡದ ಸುತ್ತ ಒಂದು ಸುತ್ತು ಬನ್ನಿ. ಮಾಡಿನ ನೀರು ಪಾಯದಿಂದ ಎಷ್ಟು ದೂರ ಬೀಳುತ್ತಿದೆ, ಸಿಡಿದ ಕೆಸರು ಗೋಡೆಗೆ ಎಷ್ಟೆತ್ತರ ಏರಿದೆ, ಇರಚಲು ಯಾವ ಕಿಂಡಿಯಿಂದ ಒಳಗೆ ಹೋಗುತ್ತಿದೆ, ಗಲ್ಲಿ ಟ್ರ್ಯಾಪಿಗೆ ಅಂಗಳದ ನೀರು ನುಗ್ಗುತ್ತಿದೆಯೇ ನೋಡಿ, ಸೀಮೆಸುಣ್ಣದಿಂದ ಗೋಡೆಯ ಮೇಲೆ ಗುರುತು ಹಾಕಿ. ನಮ್ಮ ಕೋಣೆಗೆ ಹಾಗೆ ಹಾಕಿದ ಗುರುತುಗಳು ಮೂರು. ಎರಡಕ್ಕೆ ಚರಂಡಿ ಒಂದು ಮೊಳ ಆಚೆ ಸರಿಸಿದ್ದು ಸಾಕಾಯಿತು. ಮೂರನೆಯದು ಪಶ್ಚಿಮದ ಗಾಳಿಕಿಂಡಿ, ಅದಕ್ಕೆ ಶೀಟಿನ ತುಂಡಿನಿಂದ ಪುಟ್ಟ ಮರೆ ಕಟ್ಟಿದ ಮೇಲೆ ಒಳಗಿನ ಗೋಡೆ ಒಣಗಿತು.